ಸಂಪಾದಕರ ಉತ್ತರ: ಮುಳುಗೋ ಊರಿಗೆ ನೋಟೀಸ್ ಕೊಟ್ಟಿದ್ರೇನ?

ಪತ್ರದ ಸಾರ: "ಎರಡು ವಾರದ ಹಿಂದೆ ನೀವು 'ದ ರಿಂಗ್ಸ್ ಆಫ್ ಪವರ್' ಧಾರಾವಾಹಿಯ ಮೊದಲ ಎರಡು ಕಂತು ನೋಡಿ 'ದುಡ್ಡಿದೆ, ಕಥೆಯಿಲ್ಲ' ಎಂದು ಬರೆದಿರಿ. ಮೂರನೇ ಕಂತನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತು ನೋಡಿದೆವು. ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಪಿಯುಸಿ ಓದುವ ಮಗಳು ಪಕ್ಕದಲ್ಲಿ ಕೂತು ನಮ್ಮ ಮಾತಿನಲ್ಲಿ ಹೇಳುತ್ತಾ ಹೋದಳು. ನಿಮಗೆ ಕಾಣದ ಕಥೆ ಅವರಿಗೆ ಕಂಡಿತು. ಎಲ್ಲರೂ ಗೇಲಿ ಮಾಡುತ್ತಿರುವ ಆ ಕುದುರೆ ದೃಶ್ಯ ನನಗಂತೂ ಹಿಡಿಸಿತು. ನಿಜ ಹೇಳಿ, ನೀವು ಪೂರ್ತಿ ನೋಡಿ ಬರೆದಿರಾ?"
ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ನವನಗರ, ಬಾಗಲಕೋಟೆ (ಹೆಸರು ಹಾಕಬೇಡಿ ಎಂದಿದ್ದಾರೆ)

ಅಕ್ಕೋರೆ, ನಮಸ್ಕಾರ.

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪೂರ್ತಿ ನೋಡಿರಲಿಲ್ಲ. 2022ರ ಸೆಪ್ಟೆಂಬರ್ 2, ಶುಕ್ರವಾರ. ಮರುದಿನ ಬೆಳಿಗ್ಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕಿತ್ತು. ವಿಜಯಪುರದ ನಮ್ಮ ಆಫೀಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಕೂತೆ. ಇಯರ್‌ಫೋನಿನಲ್ಲಿ ಒಂದು ಕಡೆ ಮಾತ್ರ ಕೇಳುತ್ತಿತ್ತು. ಇನ್ನೊಂದು ಕಿವಿಗೆ ಡಿಟಿಪಿ ಹುಡುಗ, "ಸರ್, ಎಷ್ಟು ಜಾಗ ಬಿಡ್ಲಿ? ಜಾಹೀರಾತು ಕೆಳಗ ಹಾಕ್ಲಾ?" ಎಂದು ಕೇಳುತ್ತಲೇ ಇದ್ದ. ಎರಡನೇ ಕಂತಿನ ನಡುವೆ ಹತ್ತು ನಿಮಿಷ ಓಡಿಸಿಯೇ ಬಿಟ್ಟೆ. ಹಾಗೆ ನೋಡಿದವನು 'ಕಥೆಯಿಲ್ಲ' ಎಂದು ಬರೆದ. ಕಥೆ ಆ ಹತ್ತು ನಿಮಿಷದಲ್ಲಿ ಇತ್ತೇನೋ, ಯಾರಿಗೆ ಗೊತ್ತು! ನಿಮ್ಮ ಪತ್ರ ಬಂದ ಮೇಲೆ ಮನೆಯ ಟಿವಿಯಲ್ಲಿ ಮೊದಲಿಂದ ನೋಡಿದೆ. ನಿನ್ನೆ ಬಂದ ನಾಲ್ಕನೇ ಕಂತೂ ಆಯಿತು. ಈ ಉತ್ತರ ಅದಾದ ಮೇಲೆ ಬರೆದದ್ದು.

ಆದರೆ ಆ ಬರಹದ ಸಿಟ್ಟು ನನ್ನೊಬ್ಬನದೇ ಆಗಿರಲಿಲ್ಲ. ದುಡ್ಡಿನ ಲೆಕ್ಕ ಮೊದಲೇ ಕಿವಿಗೆ ಬಿದ್ದರೆ ಎಂಥವನಿಗೂ ಹೀಗೇ ಆಗುತ್ತದೆ. 2017ರಲ್ಲಿ ಅಮೆಜಾನ್, ಇಂಗ್ಲಿಷ್ ಲೇಖಕ ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್' ಲೋಕದ ಕಥೆಯನ್ನು ಧಾರಾವಾಹಿ ಮಾಡುವ ಬರೀ ಹಕ್ಕಿಗೇ ಸುಮಾರು 25 ಕೋಟಿ ಡಾಲರ್ ಕೊಟ್ಟಿತು ಎಂದು ಸುದ್ದಿಯಾಯಿತು. ಮೊದಲ ಸೀಸನ್ನಿಗೆ ಸುಮಾರು 46.5 ಕೋಟಿ ಡಾಲರ್ ಖರ್ಚು ಎಂದು, ಚಿತ್ರೀಕರಣ ನಡೆದ ನ್ಯೂಜಿಲೆಂಡಿನ ಸಚಿವರೇ ಹೇಳಿದ್ದರು. 2022ರ ಸೆಪ್ಟೆಂಬರ್ ದರದಲ್ಲಿ ನಮ್ಮ ದುಡ್ಡಿಗೆ 3,700 ಕೋಟಿ ಹತ್ತಿರ. ಕಂತುಗಳು ಎಂಟು. ಅಂದರೆ ಒಂದೊಂದಕ್ಕೆ 450 ಕೋಟಿ ದಾಟುತ್ತದೆ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಕೂತವನು ಪ್ರತಿ ನಿಮಿಷಕ್ಕೂ ರಸೀದಿ ಕೇಳುತ್ತಾನೆ. ಮದುವೆ ಊಟಕ್ಕೆ ಹೋದವನಿಗೆ ತಟ್ಟೆಯ ರೇಟು ಮೊದಲೇ ಹೇಳಿದರೆ ಹೋಳಿಗೆ ರುಚಿಸುತ್ತದೆಯೇ? ಇದು ಎಷ್ಟೋ ಕಡಿಮೆ ಆಯಿತು ಅನ್ನಿಸುತ್ತದೆ, ಅಷ್ಟೇ.

ಮೊದಲ ದಿನವೇ ಜಗತ್ತಿನಾದ್ಯಂತ 2.5 ಕೋಟಿ ಜನ ನೋಡಿದರು ಎಂದು ಅಮೆಜಾನ್ ಹೇಳಿಕೊಂಡಿತು. ಆದರೆ ನೋಡಿದವರು ಕೊಟ್ಟ ಅಂಕಗಳನ್ನು ತನ್ನ ತಾಣದಲ್ಲಿ 72 ಗಂಟೆ ತಡೆಹಿಡಿಯಿತು. ಸುಮ್ನೆ ಬೈಯಲೆಂದೇ ಅಂಕ ಹಾಕುವವರನ್ನು ಸೋಸಬೇಕು ಎಂಬ ಕಾರಣಕ್ಕೆ. ಹೊರಗಡೆ ವಿಮರ್ಶಕರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಮಂದಿ ಮೆಚ್ಚಿದ್ದರೆ, ಪ್ರೇಕ್ಷಕರ ಮೆಚ್ಚುಗೆ 40ರ ಕೆಳಗೆ ಕೂತಿತ್ತು. ಇಷ್ಟು ದೂರದ ಅಂತರ ಬರೀ ಕಥೆಯ ಗುಣದಿಂದ ಬರುವುದಿಲ್ಲ.

ನಮ್ಮ ಆಫೀಸಿಗೆ ಬಂದ ಪತ್ರಗಳಲ್ಲೂ ಅದೇ ಕಂಡಿತು. ನಿಧಾನ ಎಂದವರಿದ್ದರು, ಹೆಸರು ನೆನಪಿರುವುದಿಲ್ಲ ಎಂದವರಿದ್ದರು, ಅದನ್ನೆಲ್ಲ ಒಪ್ಪೋಣ. ಆದರೆ ಒಂದಷ್ಟು ಪತ್ರಗಳಿಗೆ ಇದ್ದದ್ದು ಒಂದೇ ತಕರಾರು: ಎಲ್ಫ್ ಜನರಲ್ಲಿ ಒಬ್ಬ ಕಪ್ಪಗಿದ್ದಾನೆ, ಕುಳ್ಳರ ರಾಜಕುಮಾರಿ ಕಪ್ಪಗಿದ್ದಾಳೆ, ಹೀಗಾಗಬಾರದಿತ್ತು ಅಂತ. ಅಲ್ರೀ, ಕಿವಿ ಚೂಪಾಗಿ ಸಾವಿರಾರು ವರ್ಷ ಬದುಕುವವರನ್ನು ನಂಬಿದಿರಿ, ಬಣ್ಣ ಮಾತ್ರ ನಂಬಲಿಕ್ಕೆ ಆಗಲಿಲ್ಲವೇ? ಅದೂ ವಿಜಯಪುರದ ಬಿಸಿಲಲ್ಲಿ ನಿಂತು ಬರೆದವರು. ಆ ನಟರಿಗೆ ಬಂದ ಬೈಗಳು ಎಷ್ಟಿದ್ದವೆಂದರೆ, ಸೆಪ್ಟೆಂಬರ್ 7ರಂದು ಇಡೀ ತಂಡವೇ ಖಂಡಿಸಿ ಹೇಳಿಕೆ ಕೊಡಬೇಕಾಯಿತು. ಆ ಪತ್ರಗಳನ್ನು ನಾವು ಛಾಪಿಸುವುದಿಲ್ಲ. ಅವು ಎಲ್ಲಿವೆ ಎಂದು ಕೇಳಿ ಫೋನ್ ಮಾಡಬೇಡಿ.

ಇನ್ನು ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಪತ್ರದ ಎರಡನೇ ಹಾಳೆಯಲ್ಲಿ ನೀವು ಬರೆದದ್ದನ್ನು ಸಾರದಲ್ಲಿ ಹಾಕಲಿಲ್ಲ, ಇಲ್ಲಿ ಬೇಕು ಎಂದು ಉಳಿಸಿಕೊಂಡೆ. ಯಾರೇ ಪರದೆ ಮೇಲೆ ಬಂದರೂ ಅವರು ಮೊಮ್ಮಗಳ ಮೊಣಕೈ ತಿವಿದು ಕೇಳುತ್ತಿದ್ದರಂತೆ: "ಇಂವ ಯಾರ? ಯಾರ ಮಗ? ಯಾವೂರಾಂವ? ಯಾಕ ಬಂದಾನ?" ಮಗಳು ರಿಮೋಟ್ ಒತ್ತಿ ನಿಲ್ಲಿಸಿ, ಹೇಳಿ, ಮತ್ತೆ ಶುರು ಮಾಡುತ್ತಿದ್ದಳಂತೆ. ಒಂದು ಗಂಟೆ ಚಿಲ್ಲರೆಯ ಕಂತು ಎರಡೂವರೆ ಗಂಟೆ ಆಯಿತು ಎಂದು ಬರೆದಿದ್ದೀರಿ.

ಇದನ್ನು ಓದಿದಾಗ ನನ್ನ ತಪ್ಪು ಎಲ್ಲಿತ್ತು ಅಂತ ಹೊಳೆಯಿತು. ದೊಡ್ಡಾಟದಲ್ಲಿ ಸಾರಥಿ ಮಾಡುವ ಕೆಲಸ ಇದೇ ಅಲ್ವಾ? ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಮುಂದೆ ನಿಂತು, ತಾವು ಯಾರು, ತಮ್ಮ ಹೆಸರೇನು, ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷ ತನ್ನ ಪರಿಚಯ ತಾನೇ ಹೇಳಬೇಕು. ಆಮೇಲೆಯೇ ಆಟ. ಜನ ಅದನ್ನು 'ನಿಧಾನ' ಎನ್ನುವುದಿಲ್ಲ. ಅದು ಮರ್ಯಾದೆ, ಮನೆಗೆ ಬಂದವರನ್ನು ಮಾತಾಡಿಸಿದ ಹಾಗೆ. ಈ ಧಾರಾವಾಹಿಯ ಮೊದಲೆರಡು ಕಂತಿನಲ್ಲಿ ಎಲ್ಫ್‌ಗಳ ನಾಡು, ಕುಳ್ಳರ ಬೆಟ್ಟ, ದಕ್ಷಿಣದ ಹಳ್ಳಿಗಳು, ಅಲೆಮಾರಿ ಹಾರ್ಫುಟ್ ಜನ, ನಡುಸಮುದ್ರದ ತೆಪ್ಪ, ಇಷ್ಟು ಕಡೆ ಓಡಾಡಿಸುತ್ತಾರೆ. ಒಂದು ನಕ್ಷೆ ತೋರಿಸಿ ಊರಿನ ಹೆಸರು ಬರೆದುಬಿಟ್ಟರೆ ಪರಿಚಯ ಮುಗಿಯಿತು ಅಂದುಕೊಂಡಿದ್ದಾರೆ. ಮೂರನೇ ಕಂತಿನಲ್ಲಿ ಅದು ಸಾಲದು ಅಂತ ನೂಮೆನೋರ್ ಎಂಬ ದ್ವೀಪ, ಅದರ ರಾಣಿ, ಮಂತ್ರಿ, ಹಡಗಿನವರು, ಅವರ ಮಕ್ಕಳು. ಸಾರಥಿಯಿಲ್ಲದ ಆಟ ಇದು. ನಿಮ್ಮ ಮನೆಯಲ್ಲಿ ಮಗಳು ಸಾರಥಿಯಾದಳು, ಆಟ ಕಳೆಗಟ್ಟಿತು. ನನ್ನ ಹತ್ತಿರ ಡಿಟಿಪಿ ಹುಡುಗನಿದ್ದ.

ಹಾಗಂತ ತಪ್ಪೆಲ್ಲ ನೋಡುವವನದೇ ಎನ್ನಲಾರೆ. ಪಕ್ಕದಲ್ಲಿ ಹೇಳುವವರಿದ್ದರೆ ಮಾತ್ರ ತಿಳಿಯುವ ಹಾಗೆ ತೆಗೆಯುವುದು ತೆಗೆದವರ ತಪ್ಪೂ ಹೌದು.

ಕುದುರೆ ವಿಷಯದಲ್ಲಂತೂ ನಾನು ಸೋಲುವುದಿಲ್ಲ. ಕಥೆಯ ನಾಯಕಿ, ಎಲ್ಫ್ ಹೆಂಗಸು ಗಲಾಡ್ರಿಯೆಲ್ ಸಮುದ್ರದ ದಂಡೆಯಲ್ಲಿ ಕುದುರೆ ಓಡಿಸುತ್ತಾಳೆ. ಚಿತ್ರ ನಿಧಾನವಾಗುತ್ತದೆ, ಕೂದಲು ಒಂದೊಂದೇ ಎಳೆ ಹಾರುತ್ತದೆ, ಮುಖದ ತುಂಬ ನಗು. ಎಷ್ಟೋ ಹೊತ್ತು ಮುಗಿಯುವುದೇ ಇಲ್ಲ. "ಮೂರು ಕಂತು ಸಿಟ್ಟಿನಲ್ಲೇ ಇದ್ದ ಹೆಂಗಸು ಮೊದಲ ಸಲ ನಕ್ಕಿದ್ದಾಳೆ, ನಗಲಿ ಬಿಡಿ" ಎಂದಿದ್ದೀರಿ. ಅರ್ಥ ಸರಿ, ಒಪ್ಪಿದೆ. ಆದರೆ ತೆಗೆದ ರೀತಿ? ಬನಶಂಕರಿ ಜಾತ್ರೆಯಲ್ಲಿ ಫೋಟೋ ಅಂಗಡಿಯವನು ಪರದೆಯ ಮೇಲೆ ಬರೆದ ಸಮುದ್ರದ ಮುಂದೆ ನಮ್ಮನ್ನು ರಟ್ಟಿನ ಕುದುರೆ ಮೇಲೆ ಕೂರಿಸಿ "ನಗ್ರಿ, ಇನ್ನೂ ಸ್ವಲ್ಪ ನಗ್ರಿ" ಅನ್ನುತ್ತಾನಲ್ಲ, ಹಾಗಿದೆ. ಅವನಾದರೂ ಒಂದೇ ಕ್ಲಿಕ್ಕಿಗೆ ಬಿಡುತ್ತಾನೆ.

ಅದೇ ಕಂತಿನಲ್ಲಿ ಆ ಮರದ ದೃಶ್ಯ ಇದೆ. ಓರ್ಕ್ ಎಂಬ ರಾಕ್ಷಸರು ಸೆರೆಯಾಳುಗಳಿಂದ ಕಂದಕ ತೋಡಿಸುತ್ತಿದ್ದಾರೆ. ದಾರಿಗೆ ದೊಡ್ಡ ಮರ ಅಡ್ಡ ಬರುತ್ತದೆ. ಕಡಿಯಿರಿ ಎಂದರೆ ಎಲ್ಫ್‌ಗಳು ಕಡಿಯಲೊಲ್ಲರು. ಒಬ್ಬನಿಗೆ ನೀರು ಕುಡಿಸಿದ ಹಾಗೆ ಮಾಡಿ ಕತ್ತು ಕೊಯ್ಯುತ್ತಾರೆ. ಆಗ ಅರೊಂಡಿರ್ ಎಂಬ ಎಲ್ಫ್ ತಾನೇ ಮುಂದೆ ಬರುತ್ತಾನೆ. ಮರದ ಎದುರು ನಿಂತು ತನ್ನ ಭಾಷೆಯಲ್ಲಿ ಕ್ಷಮೆ ಕೇಳಿ, ಕೊಡಲಿ ಎತ್ತುತ್ತಾನೆ. (ಬಣ್ಣದ ತಕರಾರು ಬಂದದ್ದು ಈ ನಟನ ಮೇಲೆಯೇ. ಇಡೀ ಕಂತಿನಲ್ಲಿ ಇಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ.) ನಿಮ್ಮ ಅತ್ತೆ ಇಲ್ಲಿ ಏನೂ ಕೇಳಲಿಲ್ಲವಂತೆ. ಯಾರ ಮಗ, ಯಾವ ಊರು, ಯಾವುದೂ ಬೇಕಾಗಲಿಲ್ಲ. ಕೊಡಲಿ ಬಿದ್ದ ಮೇಲೆ ಒಂದೇ ಮಾತು: "ಕಾಯಿ ಒಡಿಯಾಕಾದ್ರೂ ಬಿಡಬೇಕಿತ್ತು ಅಂವಗ."

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೇ ಬಾಗಲಕೋಟೆಯ ಮನೆ ಬಿಡುವಾಗ ಹಿತ್ತಲಿನ ಬೇವಿನ ಮರವನ್ನು ಅವರೇ ನಿಂತು ಕಡಿಸಿದ್ದರು ಎಂದು ಬರೆದಿದ್ದೀರಿ. ನೀರು ಬರುವ ಮುಂಚೆ ಬಾಗಿಲು, ಚೌಕಟ್ಟು, ತೊಲೆ, ಏನೇನು ಕೀಳಲಿಕ್ಕೆ ಬರುತ್ತದೋ ಅದೆಲ್ಲ ಟ್ರ್ಯಾಕ್ಟರಿಗೆ ಹೇರಿದ ದಿನಗಳವು. ನಾನು ಇನ್ನೇನು ವಿಮರ್ಶೆ ಬರೆಯಲಿ!

'ಪುಸ್ತಕದಲ್ಲಿ ಹೀಗಿಲ್ಲ' ಎಂಬ ತಕರಾರಿನ ಬಗ್ಗೆಯೂ ಕೇಳಿದ್ದೀರಿ. ನಿಜ, ಇಲ್ಲ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಈ ಧಾರಾವಾಹಿ ನಡೆಯುವ ಹಳೆಯ ಯುಗದ ಕಥೆಗಳು ಜಾಸ್ತಿ ಸಿಗುವುದು 1977ರಲ್ಲಿ ಬಂದ 'ಸಿಲ್ಮರಿಲಿಯನ್' ಪುಸ್ತಕದಲ್ಲಿ. ಅದರ ಹಕ್ಕು ಇವರ ಹತ್ತಿರ ಇಲ್ಲ. 'ಲಾರ್ಡ್ ಆಫ್ ದ ರಿಂಗ್ಸ್' ಮತ್ತು ಅದರ ಕೊನೆಯ ಅನುಬಂಧಗಳಲ್ಲಿ ಇರುವಷ್ಟು ಸಾಲುಗಳನ್ನು ಹಿಡಿದು ಕಥೆ ಕಟ್ಟಿದ್ದಾರೆ. ಸಾವಿರಾರು ವರ್ಷದ ಘಟನೆಗಳನ್ನು ಒಂದೇ ಕಾಲಕ್ಕೆ ಎಳೆದು ತಂದಿದ್ದಾರೆ. ಇದು ಅಪರಾಧವೇ? ಕನ್ನಡ ಅಕ್ಕೋರಿಗೆ ರನ್ನನ ವಿಷಯ ಹೇಳುವುದು ಅಧಿಕಪ್ರಸಂಗ. ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಮುಧೋಳದ ರನ್ನ ಮಾಡಿದ್ದೂ ಇದನ್ನೇ. ಪಂಪನ ಭಾರತದ 13ನೇ ಆಶ್ವಾಸವನ್ನು ಎತ್ತಿಕೊಂಡು ಇಡೀ ಗದಾಯುದ್ಧ ಬೆಳೆಸಿದ. ಯುದ್ಧದ ಕೊನೆಯ ದಿನದಲ್ಲಿ ನಿಂತು, ಸಿಂಹ ಹಿಂತಿರುಗಿ ನೋಡಿದ ಹಾಗೆ ಹಿಂದಿನದನ್ನೆಲ್ಲ ಹೇಳಿದ. ಪಂಪನ ಓದುಗರು ಯಾರಾದರೂ 'ಮೂಲದಲ್ಲಿ ಹೀಗಿಲ್ಲ' ಎಂದು ರನ್ನನಿಗೆ ಓಲೆ ಬರೆದಿದ್ದರೋ ಏನೋ. ಬರೆದಿದ್ದರೂ ಉಳಿದಿಲ್ಲ. ದುರ್ಯೋಧನನ ದುಃಖ ಮಾತ್ರ ಉಳಿದಿದೆ. ಇವರು ರನ್ನರೇನೂ ಅಲ್ಲ, ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ತಪ್ಪು ಹಿಡಿಯುವುದಾದರೆ ಬೆಳೆಸಿದ್ದಕ್ಕೆ ಬೇಡ, ಬೆಳೆಸಿದ್ದು ಸಪ್ಪೆಯಾದ ಕಡೆ ಹಿಡಿಯೋಣ. ಹಾರ್ಫುಟ್‌ಗಳ ಭಾಗ ನನಗೆ ಇವತ್ತಿಗೂ ಸಪ್ಪೆಯೇ.

ಈಗ ನೂಮೆನೋರ್. ಮೂರನೇ ಕಂತಿನಲ್ಲಿ ಹಡಗು ಆ ಊರಿಗೆ ಬರುವಾಗ ನಾನು ನೋಡಿದ್ದು ಬರೀ ವೈಭವ. ಬಂಡೆಯಲ್ಲಿ ಕೆತ್ತಿದ ದೊಡ್ಡ ಮೂರ್ತಿಗಳು, ಬಿಳಿ ಗೋಡೆಗಳು, ಬಂದರಿನ ಗದ್ದಲ. 450 ಕೋಟಿ ಎಲ್ಲಿ ಹೋಯಿತು ಎನ್ನುವುದಕ್ಕೆ ಇಲ್ಲಿ ರಸೀದಿ ಸಿಕ್ಕಿತು. ನಿಮ್ಮ ಮಗಳು ಪುಸ್ತಕ ಓದಿದವಳು. ಅಜ್ಜಿಗೆ ಮುಂಚೆಯೇ ಹೇಳಿಬಿಟ್ಟಳು: "ಅಜ್ಜಿ, ಈ ಊರು ಮುಂದ ಪೂರಾ ಮುಳುಗತೈತಿ." ಆಗ ಅವರು ಕೇಳಿದ ಎರಡು ಪ್ರಶ್ನೆಯನ್ನು ನಾನು ನಮ್ಮ ಆಫೀಸಿನ ಗೋಡೆಗೆ ಬರೆದು ಅಂಟಿಸಿದ್ದೇನೆ.

"ಮುಳುಗೋ ಊರಿಗೆ ನೋಟೀಸ್ ಕೊಟ್ಟಿದ್ರೇನ?"

"ಪರಿಹಾರ ಎಷ್ಟ ಕೊಟ್ರಂತ?"

ನಗು ಬಂತು. ಆಮೇಲೆ ಬರಲಿಲ್ಲ. ಆಲಮಟ್ಟಿಯಲ್ಲಿ ನೀರು 519.60 ಮೀಟರ್‌ಗೆ ನಿಂತಾಗ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅವರಿಗೆ ನಕ್ಷೆ ಬೇಕಿಲ್ಲ. ಯಾರ ಮನೆಯ ಕಟ್ಟೆ, ಯಾವ ಗುಡಿಯ ಮೆಟ್ಟಿಲು ಎಂಬ ಲೆಕ್ಕದಲ್ಲೇ ಅವರಿಗೆ ಗೊತ್ತು. ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಮಾತಂತೂ ಇನ್ನೂ ಮುಗಿದಿಲ್ಲ.

ಟೋಲ್ಕಿನ್‌ಗೆ ದೊಡ್ಡ ಅಲೆಯೊಂದು ಎದ್ದು ಬಂದು ಹಸಿರು ನೆಲವನ್ನು ನುಂಗುವ ಕನಸು ಮತ್ತೆ ಮತ್ತೆ ಬೀಳುತ್ತಿತ್ತಂತೆ. ತಮ್ಮ ಪತ್ರಗಳಲ್ಲಿ ಬರೆದುಕೊಂಡಿದ್ದಾರೆ. ನೂಮೆನೋರ್ ಆ ಕನಸಿನಿಂದ ಬಂದ ಊರು. ನಿನ್ನೆಯ ನಾಲ್ಕನೇ ಕಂತು ಶುರುವಾಗುವುದೂ ಕನಸಿನಿಂದಲೇ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದಾರೆ, ರಾಣಿ ಹರಸುತ್ತಿದ್ದಾಳೆ, ಅಷ್ಟರಲ್ಲಿ ಸಮುದ್ರ ಒಳಗೆ ನುಗ್ಗುತ್ತದೆ. ರಾಣಿ ಬೆವೆತು ಏಳುತ್ತಾಳೆ. ಊರಿನಲ್ಲಿ ಆಕೆಗೆ ಗೊತ್ತು, ಜನರಿಗೆ ಗೊತ್ತಿಲ್ಲ. ಅತ್ತೆಯವರ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ನೋಡಿ: ನೋಟೀಸ್ ಬಂದದ್ದು ರಾಣಿಗೆ ಮಾತ್ರ. ಎರಡನೆಯದಕ್ಕೆ ಟೋಲ್ಕಿನ್ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ಹಾಗಾಗಿ ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. 'ದುಡ್ಡಿದೆ, ಕಥೆಯಿಲ್ಲ' ಎಂಬ ಬರಹವನ್ನು ವಾಪಸ್ ತೆಗೆದುಕೊಳ್ಳುತ್ತಿಲ್ಲ. ಅಚ್ಚಾದದ್ದು ಅಚ್ಚಾಯಿತು. ಆದರೆ ಎಂಟನೇ ಕಂತು ಬರುವುದು ಅಕ್ಟೋಬರ್ 14ಕ್ಕೆ. ಅದಾದ ಮೇಲೆ ಎರಡು ಪುಟ ಬಿಟ್ಟು ಪೂರ್ತಿ ವಿಮರ್ಶೆ ಹಾಕುತ್ತೇವೆ. ಬರೆಯುವುದು ನಾನಲ್ಲ. ನಿಮ್ಮ ಮಗಳಿಗೆ ಪರೀಕ್ಷೆಯ ಗಡಿಬಿಡಿ ಇಲ್ಲದಿದ್ದರೆ ಅವಳೇ ಬರೆಯಲಿ. ಅಜ್ಜಿ ಕೇಳಿದ ಪ್ರಶ್ನೆಗಳನ್ನು ಬಿಡದೆ ಹಾಕಬೇಕು, ಅದೊಂದೇ ಷರತ್ತು. ಗೌರವಧನ ಕಡಿಮೆ, ಅದನ್ನೂ ಈಗಲೇ ಹೇಳಿರುತ್ತೇನೆ. 3,700 ಕೋಟಿಯಲ್ಲಿ ನಮ್ಮ ಪಾಲು ಏನೂ ಇಲ್ಲ.

ನಾಲ್ಕನೇ ಕಂತಿನ ಆ ಕನಸು ಬಂದಾಗ ಅತ್ತೆಯವರು ಏನೆಂದರು ಎಂದು ಒಂದು ಕಾರ್ಡ್ ಹಾಕಿ.

ಹಾಂ, ಇನ್ನೊಂದು. ನಿಮ್ಮ ಚಂದಾ ಜುಲೈಗೇ ಮುಗಿದಿದೆ ಎಂದು ಆಫೀಸಿನ ಹುಡುಗ ನೆನಪಿಸಿದ. ನೋಟೀಸ್ ಕೊಡದೆ ನಿಲ್ಲಿಸಬಾರದು ಎಂದು ತಡೆದಿದ್ದೇನೆ.

ಸಂಪಾದಕ