ಬ್ರ್ಯಾಂಡ್ ವ್ಯಾಜ್ಯಕ್ಕೆ ಎಂಥ ವಕೀಲರು ಬೇಕು?

ಪ್ರಶ್ನೆ: ನಾವು ಉಡುಪಿಯಲ್ಲಿ ಸಾರಿನ ಪುಡಿ, ಉಪ್ಪಿನಕಾಯಿ ತಯಾರಿಸಿ ಮಾರುತ್ತೇವೆ. ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿಯೂ ಆಗಿದೆ. ಈಚೆಗೆ ಮಂಗಳೂರಿನ ವ್ಯಾಪಾರಿಯೊಬ್ಬರು ಒಂದೇ ಅಕ್ಷರ ಬದಲಿಸಿ, ನಮ್ಮದರಂತೆಯೇ ಕಾಣುವ ಪೊಟ್ಟಣದಲ್ಲಿ ಮಾರತೊಡಗಿದ್ದಾರೆ. ನೋಂದಣಿ ಮಾಡಿಸಿಕೊಟ್ಟವರೇ ಕೇಸನ್ನೂ ನಡೆಸಿಕೊಡುವೆನೆನ್ನುತ್ತಾರೆ. ಅವರಿಗೆ ಒಪ್ಪಿಸಬಹುದೇ?

ಉತ್ತರ: ಮೊದಲು ಅವರು ವಕೀಲರೇ ಅಥವಾ ಟ್ರೇಡ್‌ಮಾರ್ಕ್ ಏಜೆಂಟರೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಏಜೆಂಟರು ನಮ್ಮ ರಾಜ್ಯದ ಅರ್ಜಿಗಳನ್ನು ನೋಡುವ ಚೆನ್ನೈ ನೋಂದಣಿ ಕಚೇರಿಯಲ್ಲಿ ನಿಮ್ಮ ಪರ ಹಾಜರಾಗಬಹುದೇ ಹೊರತು, ನ್ಯಾಯಾಲಯದಲ್ಲಿ ನಿಮ್ಮ ಪರ ವಕಾಲತ್ತು ಹಾಕಲಾರರು. ವಕೀಲರೇ ಆಗಿದ್ದರೂ ಅರ್ಜಿ ಸಲ್ಲಿಸಿದ ಅನುಭವ ಬೇರೆ, ದಾವೆ ನಡೆಸಿದ ಅನುಭವ ಬೇರೆ.

ಫಲಕದಲ್ಲಿ ‘ಬೌದ್ಧಿಕ ಆಸ್ತಿ ತಜ್ಞರು’ ಎಂದು ಬರೆದಿದ್ದರೆ ಅದನ್ನು ಅರ್ಹತೆಯೆಂದು ಎಣಿಸಬೇಡಿ. ಹಾಗೆ ಬರೆದುಕೊಳ್ಳುವುದಕ್ಕೆ ವಕೀಲರ ಪರಿಷತ್ತಿನ ನಿಯಮಗಳೇ ಅಡ್ಡಿ. ಎಲ್‌ಎಲ್‌ಎಂ, ಡಿಪ್ಲೊಮಾಗಳು ಒಳ್ಳೆಯವೇ, ಆದರೆ ನಿಮ್ಮ ಕೇಸಿಗೆ ಬೇಕಾದದ್ದು ತಡೆಯಾಜ್ಞೆಯ ಅರ್ಜಿಯನ್ನು ವಾದಿಸಿದ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿದ ಅಭ್ಯಾಸ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಕೊಟ್ಟು ಅವರ ಪ್ರಕರಣಗಳನ್ನು ಹುಡುಕಬಹುದು. ಪಟ್ಟಿಯ ಉದ್ದಕ್ಕಿಂತ ಮಧ್ಯಂತರ ಅರ್ಜಿಗಳ (ಅಂತಿಮ ತೀರ್ಪಿಗೆ ಮುನ್ನವೇ ತಾತ್ಕಾಲಿಕ ಪರಿಹಾರ ಕೋರುವ ಅರ್ಜಿಗಳ) ಮೇಲೆ ಬಂದ ಆದೇಶಗಳನ್ನು ಓದಿ.

ನನ್ನ ದೃಷ್ಟಿಯಲ್ಲಿ ಹಿನ್ನೆಲೆ ಬಯಲಾಗುವುದು ಮೊದಲ ಭೇಟಿಯಲ್ಲೇ. ಈ ಕ್ಷೇತ್ರದಲ್ಲಿ ಪಳಗಿದವರು ನೋಂದಣಿ ಪತ್ರದ ಜೊತೆಗೆ ನಿಮ್ಮ ಹಳೆಯ ಬಿಲ್ಲುಗಳು, ಲೇಬಲ್ ಮುದ್ರಿಸಿದ ಪ್ರೆಸ್ಸಿನ ರಸೀದಿ, ಎದುರಾಳಿಯ ಪೊಟ್ಟಣವನ್ನು ಅಂಗಡಿಯಲ್ಲಿ ಕೊಂಡ ಬಿಲ್ಲು, ಇಷ್ಟನ್ನೂ ಕೇಳುತ್ತಾರೆ. ಆ ಪೊಟ್ಟಣ ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಯಾವ ದಿನ ಎಂಬುದನ್ನು ಕೆದಕಿ ಕೆದಕಿ ಕೇಳುತ್ತಾರೆ. ಅದಕ್ಕೆ ಕಾರಣವಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ, 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲಿನ ಮೌಲ್ಯದ ವಾಣಿಜ್ಯ ದಾವೆ ಹೂಡುವ ಮುನ್ನ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ತುರ್ತು ಮಧ್ಯಂತರ ಪರಿಹಾರ ಕೋರುವ ದಾವೆಗೆ ಮಾತ್ರ ವಿನಾಯಿತಿ. ತಿಂಗಳುಗಟ್ಟಲೆ ಸುಮ್ಮನಿದ್ದು ಬಳಿಕ ತುರ್ತು ಎಂದರೆ ನ್ಯಾಯಾಧೀಶರು ಹುಬ್ಬೇರಿಸದಿರುತ್ತಾರೆಯೇ?

ಇನ್ನೊಂದು ಪರೀಕ್ಷೆ: ದಾವೆಯನ್ನು ಎಲ್ಲಿ ಹೂಡುತ್ತೀರಿ ಎಂದು ಕೇಳಿ. ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ನಡೆಯದು, ಮತ್ತು ನೋಂದಾಯಿತ ಮಾಲೀಕರು ತಾವು ವ್ಯಾಪಾರ ನಡೆಸುವ ಊರಿನಲ್ಲೇ ಅದನ್ನು ಹೂಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಂ ಅವಕಾಶ ಕೊಡುತ್ತದೆ. ನೋಂದಣಿಯಿಲ್ಲದೆ, ಬರಿಯ ಬಳಕೆಯ ಬಲದಿಂದ ‘ಪಾಸಿಂಗ್ ಆಫ್’ (ಎದುರಾಳಿ ತನ್ನ ಸರಕನ್ನು ನಮ್ಮದೆಂಬಂತೆ ಮಾರುತ್ತಿದ್ದಾನೆ ಎಂಬ) ದಾವೆ ಹೂಡುವವರಿಗೆ ಈ ಸೌಲಭ್ಯವಿಲ್ಲ. ಈ ವ್ಯತ್ಯಾಸವನ್ನು ತಡವರಿಸದೆ ಹೇಳಿದರೆ ಅವರು ಈ ದಾರಿಯಲ್ಲಿ ನಡೆದವರೆಂದು ನಂಬಬಹುದು. ಇಂಥವರು ಬೆಂಗಳೂರಿನಲ್ಲೇ ಇರಬೇಕೆಂದೇನೂ ಇಲ್ಲ.

ಎದುರು ಪಕ್ಷಕ್ಕೆ ಇದೇ ವಿಷಯದಲ್ಲಿ ಎಂದಾದರೂ ಸಲಹೆ ಕೊಟ್ಟಿದ್ದಾರೆಯೇ ಎಂದೂ ವಿಚಾರಿಸಿ. ಕೊಟ್ಟಿದ್ದರೆ ನಿಮ್ಮ ಪರ ಅವರು ನಿಲ್ಲುವಂತಿಲ್ಲ. ಶುಲ್ಕವನ್ನು ಹಂತಹಂತವಾಗಿ ಬರೆಸಿಕೊಳ್ಳಿ. ಗೆದ್ದು ಬಂದ ಪರಿಹಾರದಲ್ಲಿ ಪಾಲು ಕೊಡಿ ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆ ಮಾತು ಬಂದರೆ ಕಾಗದಪತ್ರ ಎತ್ತಿಕೊಂಡು ಬೇರೆ ವಕೀಲರನ್ನು ನೋಡಿ.