ಬಳೆ ಬಾಳೆಯಾದ ಹಾಡು

ಪ್ರಿಯ ಗೆಳೆಯರೆ,

ನಮ್ಮ ಪತ್ರಿಕೆಯ ಹಾಡು ಕಟ್ಟುವ ಸ್ಪರ್ಧೆಗೆ ನೀವು ಕಳಿಸಿದ ‘ಅಮ್ಮನ ಬಳೆ’ ಸಿಕ್ಕಿದೆ. ಸಾಹಿತ್ಯದ ಹಾಳೆ ಒಂದು, ಫೋನಿನಲ್ಲಿ ಹಾಡಿದ ರೆಕಾರ್ಡಿಂಗ್ ಒಂದು, ಜೊತೆಗೆ ನಾಲ್ಕು ಸಾಲಿನ ಪತ್ರ. ನಾವು ಸಾಮಾನ್ಯವಾಗಿ ಯಾರಿಗೂ ಉತ್ತರ ಬರೆಯುವುದಿಲ್ಲ. ಆಯ್ಕೆಯಾದವರಿಗೆ ಫೋನ್ ಹೋಗುತ್ತದೆ, ಉಳಿದವರು ಪಟ್ಟಿ ನೋಡಿ ನಮ್ಮನ್ನು ಬೈದುಕೊಳ್ಳುತ್ತಾರೆ. ನಿಮ್ಮ ಹಾಳೆ ಓದಿದಾಗ ನನಗೆ ಗಂಟಲು ಕಟ್ಟಿತು. ಹತ್ತು ನಿಮಿಷ ಬಿಟ್ಟು ಹಾಡು ಕೇಳಿದಾಗ ನಗು ಬಂತು. ಆಮೇಲೆ ಸಿಟ್ಟು ಬಂತು. ಅದಕ್ಕೇ ಈ ಪತ್ರ.

ಹೊಗಳಿಕೆ ಮೊದಲು ಮುಗಿಸಿಬಿಡುತ್ತೇನೆ. ದನಿ ಚೆನ್ನಾಗಿದೆ, ಶ್ರುತಿ ಬಿಟ್ಟಿಲ್ಲ. ಗಿಟಾರ್ ಅಚ್ಚುಕಟ್ಟಾಗಿದೆ. ಪಲ್ಲವಿ ನಿಜಕ್ಕೂ ಒಳ್ಳೆಯದು. ಇನ್ನು ಜಗಳ ಶುರು.

ಹಾಳೆಯಲ್ಲಿ ನೀವು ಬರೆದ ಪಲ್ಲವಿ ಇದು:

ಅಮ್ಮ ನಿನ್ನ ಬಳೆಯ ಸದ್ದು
ಕೇಳಿ ಬೆಳಗು ಏಳುತಿತ್ತು

ಕೋಳಿ ಕೂಗಿ ಬೆಳಗಾಗುವುದನ್ನು ಎಲ್ಲರೂ ಬರೆದಿದ್ದಾರೆ. ನೀವು ಬೆಳಗನ್ನೇ ಮನೆಯ ಸಣ್ಣ ಹುಡುಗನ ಹಾಗೆ ಮಲಗಿಸಿದ್ದೀರಿ. ಅಡುಗೆಮನೆಯಲ್ಲಿ ಬಳೆ ಸದ್ದಾದರೆ ಅದು ಏಳಬೇಕು. ಈ ಎರಡು ಸಾಲಿಗೆ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಈಗ ರೆಕಾರ್ಡಿಂಗ್‌ಗೆ ಬನ್ನಿ. ಅದರಲ್ಲಿ ನಿಮ್ಮ ಬಾಯಿಂದ ಬಂದದ್ದು ಹೀಗಿದೆ: “ಅಮ್ಮಾ ನಿನ್ನಾ ಬಾಳೆಯ ಸದ್ದೂ.”

ಬಾಳೆಯ ಸದ್ದು. ಬಾಳೆ ಎಲ್ಲಿ ಸದ್ದು ಮಾಡುತ್ತದೆ ಸ್ವಾಮಿ? ಗಾಳಿಗೆ ಎಲೆ ಪಟಪಟ ಅನ್ನಬಹುದು, ಒಪ್ಪಿದೆ. ಆದರೆ ಅಮ್ಮನಿಗೂ ಅದಕ್ಕೂ ಏನು ಸಂಬಂಧ? ಮೊದಲ ಸಲ ನಾನೇ ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಬಾಳೆಯೇ. ಮೂರು ಸಲ ಪಲ್ಲವಿ ಬರುತ್ತದೆ, ಮೂರು ಸಲವೂ ಬಾಳೆಯೇ.

ಮೊದಲ ಚರಣಕ್ಕೆ ಹೋಗೋಣ. ಹಾಳೆಯಲ್ಲಿ “ಹಳೆಯ ಸೀರೆ ಮಡಿಕೆಯಲ್ಲಿ ನಿನ್ನ ಕತೆಯ ಬಚ್ಚಿ ಇಟ್ಟೆ” ಅಂತಿದೆ. ಎಷ್ಟು ಚೆಂದ. ಹಾಡಿನಲ್ಲಿ ಇದು “ಹಾಳೆಯ ಸೀರೆ” ಆಗಿದೆ. ಸರಿ, ಕಾಗದದ ಸೀರೆ ಅಂದುಕೊಳ್ಳೋಣ. ಆ ಕಾಗದದ ಸೀರೆಯ ಮಡಿಕೆಯಲ್ಲಿ ಅಮ್ಮ ಏನು ಬಚ್ಚಿಟ್ಟರು? “ನಿನ್ನ ಕತ್ತೆಯ.” ನಿಮ್ಮ ಅಮ್ಮ ಕಾಗದದ ಸೀರೆಯೊಳಗೆ ಕತ್ತೆ ಬಚ್ಚಿಟ್ಟರು ಅಂತ ಹಾಡಿ ಕಳಿಸಿದ್ದೀರಿ, ಅದೂ ಅಷ್ಟು ಭಾವ ತುಂಬಿ, ಕೊನೆಗೆ ಸಣ್ಣ ಗಮಕ ಬೇರೆ!

ನಗಾಡುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇದು ಹೇಗಾಯಿತು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. “ಸಾಹಿತ್ಯವನ್ನು ರಾತ್ರಿ ಬಸ್ಸಿನಲ್ಲಿ ಬರೆದೆ ಸರ್. ಆರು ತಿಂಗಳ ಮೇಲೆ ಗಿಟಾರ್ ಕಲಿತೆ. ಆ್ಯಪ್‌ನಲ್ಲಿ ಒಂದು ಡ್ರಮ್ ಲೂಪ್ ಹಾಕಿಕೊಂಡು ಅದರ ಮೇಲೆ ಕೂರಿಸಿದೆ.” ಕೂರಿಸಿದೆ ಅನ್ನುವ ಮಾತನ್ನು ನೀವೇ ಬಳಸಿದ್ದೀರಿ. ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂರುವುದನ್ನು ಬಸ್ಸಿನಲ್ಲಿ ನೋಡಿದ್ದೀರಲ್ಲ. ಇಲ್ಲಿ ಉಲ್ಟಾ. ನಾಲ್ಕು ಜನರ ಸೀಟು, ಮೂರೇ ಜನ. ಹಾಗಾಗಿ ಒಬ್ಬ ಕಾಲು ಚಾಚಿದ್ದಾನೆ.

ಶಾಲೆಯ ಲೆಕ್ಕ ನೆನಪಿಸಿಕೊಳ್ಳಿ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಎರಡು. ಈಗ ಎಣಿಸಿ. ಅಮ್ಮ, ಮೂರು. ನಿನ್ನ, ಮೂರು. ಬಳೆಯ, ಮೂರು. ಸದ್ದು, ಮೂರು. ಎರಡನೇ ಸಾಲಿನಲ್ಲೂ ಅಷ್ಟೇ: ಕೇಳಿ, ಬೆಳಗು, ಏಳು, ತಿತ್ತು. ಒಂದು ಕಡೆಯೂ ತಪ್ಪಿಲ್ಲ. ಬಸ್ಸಿನಲ್ಲಿ ಕೂತು ಛಂದಸ್ಸು ಗೊತ್ತಿಲ್ಲದೆ ನೀವು ಮೂರು ಮಾತ್ರೆಯ ನಡೆಯಲ್ಲಿ ಬರೆದಿದ್ದೀರಿ. ನಿಮ್ಮ ಲೂಪ್ ಮಾತ್ರ ನಾಲ್ಕರದು. ಗಣಕ್ಕೊಂದು, ಅಂದರೆ ಆ ಮೂರರ ಗುಂಪಿಗೊಂದು, ಮಾತ್ರೆ ಕಡಿಮೆ ಬೀಳುತ್ತಾ ಹೋಯಿತು. ಅದನ್ನು ತುಂಬಲು ನೀವು ಎಲ್ಲಿ ಸಿಕ್ಕಿತೋ ಅಲ್ಲಿ ಎಳೆದಿರಿ. ಅಮ್ಮಾ, ನಿನ್ನಾ ಅಂತ ಕೊನೆಯಲ್ಲಿ ಎಳೆದಾಗ ಏನೂ ಆಗಲಿಲ್ಲ. ಬಳೆಗೆ ಬಂದಾಗ ಗಿಟಾರಿನ ಕಾರ್ಡ್ ಬದಲಾಯಿತು, ಡ್ರಮ್ಮಿನ ದೊಡ್ಡ ಪೆಟ್ಟು ‘ಬ’ ಮೇಲೆ ಬಿತ್ತು, ನೀವು ‘ಬ’ವನ್ನೇ ಎಳೆದಿರಿ. ಬಳೆಯ ಮೂರು ಮಾತ್ರೆ, ಬಾಳೆಯ ನಾಲ್ಕು. ಲೆಕ್ಕ ಸರಿಹೋಯಿತು, ಅರ್ಥ ಹೋಯಿತು. ಕತೆಗೆ ಬಂದಾಗ ಎಳೆಯುವ ಬದಲು ಒತ್ತಿದಿರಿ. ಕತ್ತೆಯ, ನಾಲ್ಕು.

ಹಾಡಿನಲ್ಲಿ ಎಳೆಯಬಾರದು ಅಂತ ಯಾರೂ ಹೇಳುವುದಿಲ್ಲ. ಎಳೆಯದಿದ್ದರೆ ಹಾಡು ಎಲ್ಲಿಂದ ಬಂತು? ಆದರೆ ನಮ್ಮ ಭಾಷೆಯಲ್ಲಿ ಪದದ ಮೊದಲ ಅಕ್ಷರದ ಉದ್ದದಲ್ಲೇ ಅರ್ಥ ಕೂತಿರುತ್ತದೆ. ಮರ, ಮಾರ. ಬಿಡು, ಬೀಡು. ಕಡು, ಕಾಡು. ತೆರು, ತೇರು. ಅಲ್ಲಿ ಕೈ ಹಾಕಿದರೆ ಪದವೇ ಬದಲಾಗುತ್ತದೆ. ಪದದ ಕೊನೆ ಹಾಗಲ್ಲ, ತುಂಬಾ ಸಹಿಸಿಕೊಳ್ಳುತ್ತದೆ. ದೂರದಲ್ಲಿರುವವರನ್ನು ಕರೆಯುವಾಗ ನಾವು ಎಳೆಯುವುದೂ ಕೊನೆಯನ್ನೇ ಅಲ್ವಾ? ‘ಬಳೆಯಾ’ ಅಂದಿದ್ದರೂ ನಾನು ಸುಮ್ಮನಿರುತ್ತಿದ್ದೆ.

ಇಷ್ಟು ಕೋಪ ಯಾಕೆ ಅಂದರೆ, ಇದೇ ತಪ್ಪಿಗೆ ನಾನು ಊರ ಮುಂದೆ ಮಾನ ಕಳೆದುಕೊಂಡವನು. 1990ರ ದಶಕದ ಶುರು. ಹಾಡು, ನಾಟಕ ಮಾಡುತ್ತಾ ಸಾಕ್ಷರತಾ ಆಂದೋಲನದ ಕಲಾಜಾಥಾ ಊರೂರು ಸುತ್ತುತ್ತಿತ್ತು. ನಾನು ಕವಿ ಅಂತ ನನಗೆ ನಾನೇ ಹೇಳಿಕೊಂಡಿದ್ದ ವಯಸ್ಸು. ನಮ್ಮ ತಂಡಕ್ಕೆ ಒಂದು ಹಾಡು ಬರೆದುಕೊಟ್ಟೆ. “ಅಕ್ಕ ಓದಿರಿ, ಅಣ್ಣ ಓದಿರಿ” ಅಂತ ಶುರು. ಮೂರು, ನಾಲ್ಕು, ಮೂರು, ನಾಲ್ಕು. ಕಾಗದದ ಮೇಲೆ ಏನೂ ದೋಷ ಇರಲಿಲ್ಲ. ತಂಡದ ಹುಡುಗರು ಅದನ್ನು ಡೋಲಕ್ ಮೇಲೆ ಮೂರರ ಓಟಕ್ಕೆ ಹಾಕಿದರು. ಜೋರಾಗಿತ್ತು, ನನಗೂ ಖುಷಿ. ವಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗುಡಿಯ ಮುಂದೆ ಹಾಡಿದೆವು. ನಾಲ್ಕು ಮಾತ್ರೆಯ ‘ಓದಿರಿ’ಗೆ ಮೂರೇ ಮಾತ್ರೆಯ ಜಾಗ. ಏನಾಗುತ್ತದೆ ಹೇಳಿ? “ಅಕ್ಕ ಒದಿರಿ, ಅಣ್ಣ ಒದಿರಿ.”

ಹಾಡು ಮುಗಿಯುವವರೆಗೆ ಜನ ಮರ್ಯಾದೆಯಿಂದ ಕೂತಿದ್ದರು. ಆಮೇಲೆ ಮುಂದಿನ ಸಾಲಿನ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದಳು: “ಎಲ್ಲಾ ಖರೇ, ಒದೀಬೇಕಾಗಿದ್ದು ಯಾರನ್ನ, ಅದನ್ನರ ಹೇಳ್ರಿ.” ಇಡೀ ಊರು ನಕ್ಕಿತು. ವಾಪಸ್ ಬರುವಾಗ ಜೀಪಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಡೋಲಕ್‌ನವನು ಮಾತ್ರ ಆಗಾಗ ಮುಸಿಮುಸಿ ನಗುತ್ತಿದ್ದ.

ಆ ಮೇಲೆಯೇ ನಾನು ಹುಬ್ಬಳ್ಳಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರ ಮನೆ ಬಾಗಿಲಿಗೆ ಹೋಗಿದ್ದು. ನಾಟಕ ಕಂಪನಿಯಲ್ಲಿ ಜೀವಮಾನವೆಲ್ಲ ಪೇಟಿ ನುಡಿಸಿ ಮನೆ ಸೇರಿದ್ದ ಮುದುಕರು. ಹಾಡು ಬರೆಯುವುದು ಕಲಿಸಿ ಅಂದೆ. “ಬರಿಯೂದು ಆಮ್ಯಾಲ. ಮೊದ್ಲ ನಡದು ತೋರ್ಸು” ಅಂದರು. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನನ್ನದೇ ಸಾಲು ಹೇಳಿಕೊಂಡು ನಡೆಯಬೇಕು, ಗಣಕ್ಕೊಂದು ಹೆಜ್ಜೆ. ಕಾಲು ತಡವರಿಸಿದ ಜಾಗದಲ್ಲಿ ಅವರು ಸ್ಟೀಲ್ ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದರು. ಮೊದಲ ವಾರ ಚಹಾಕ್ಕಿಂತ ಲೋಟದ ಸದ್ದೇ ಜಾಸ್ತಿ.

ಎರಡನೇ ವಾರ ಕಿರಾಣಿ ಚೀಟಿ ಕೈಗಿಟ್ಟು, ಇದನ್ನು ಭಾಮಿನಿ ಷಟ್ಪದಿಯಲ್ಲಿ ಬರೆದು ತಾ ಅಂದರು. ಅದು ಆರು ಸಾಲಿನ ಪದ್ಯ. ಕುಮಾರವ್ಯಾಸ ಮಹಾಭಾರತದ ಮೊದಲ ಹತ್ತು ಪರ್ವಗಳ ಕತೆ ಹೇಳಿದ ಛಂದಸ್ಸಿನಲ್ಲಿ ನಾನು ಅಂಗಡಿ ಸಾಮಾನು ಬರೆಯಬೇಕು. ಮೂರು ನಾಲ್ಕು, ಮೂರು ನಾಲ್ಕು. ಸಣ್ಣ ಸಾಲಿಗೆ ಹದಿನಾಲ್ಕು ಮಾತ್ರೆ, ಮೂರನೆಯ ಮತ್ತು ಆರನೆಯ ಉದ್ದ ಸಾಲಿಗೆ ಇಪ್ಪತ್ತಮೂರು. ರಾತ್ರಿಯೆಲ್ಲ ಕೂತು ಶುರು ಮಾಡಿದೆ:

ಅಕ್ಕಿ ಬೇಳೆಯು ಬೆಲ್ಲ ಜೀರಿಗೆ
ಉಪ್ಪು ಸಾಸಿವೆ ಸೋಪು ಸೀಗೆಯ

ಮಾಸ್ತರರು ತೊಡೆ ತಟ್ಟಿಕೊಂಡು ಎರಡು ಸಲ ಓದಿದರು. “ಆದಿಪ್ರಾಸ ಸತ್ತೈತಿ. ನಡಿಗಿ ಬರೋಬರಿ ಐತಿ. ಇವತ್ತ ಉಂಡು ಹೋಗು” ಅಂದರು. ಆದಿಪ್ರಾಸ ಅಂದರೆ ಎಲ್ಲ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರುವುದು, ನನ್ನದರಲ್ಲಿ ಇರಲಿಲ್ಲ. ಆ ಊಟದ ರುಚಿ ಇನ್ನೂ ನಾಲಿಗೆ ಮೇಲಿದೆ. ಜೋಳದ ರೊಟ್ಟಿ, ಪುಂಡಿಪಲ್ಲೆ.

ನಿಮ್ಮ ಹಾಡಿಗೆ ವಾಪಸ್ ಬರುತ್ತೇನೆ. ಸಿನಿಮಾ ಹಾಡಿನಲ್ಲಿ ಟ್ಯೂನಿಗೆ ಮಾತು ಕೂರಿಸುವುದಿಲ್ಲವೇ ಸರ್ ಅಂತ ನೀವು ಕೇಳಬಹುದು. ಕೂರಿಸುತ್ತಾರೆ. ಅಲ್ಲಿ ಟ್ಯೂನ್ ಮೊದಲು ಬರುತ್ತದೆ, ಬರೆಯುವವನು ಆ ತಾನಾ ತನನಕ್ಕೆ ಅಳತೆ ಹಿಡಿದು ಪದ ಹುಡುಕುತ್ತಾನೆ. ‘ತಾನನ’ ಇದ್ದ ಕಡೆ ‘ಬಳೆಯ’ ಇಡುವುದಿಲ್ಲ. ನಮ್ಮ ಭಾವಗೀತೆಯದು ಬಹಳ ಮಟ್ಟಿಗೆ ಎದುರು ದಾರಿ. ಕವಿತೆ ಮೊದಲೇ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯ ಕವಿತೆಗಳು ಎಷ್ಟೋ ದಶಕದ ಮೇಲೆ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದವು. ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್ ಇವರೆಲ್ಲ ಕವಿತೆ ಮುಂದಿಟ್ಟುಕೊಂಡು ರಾಗ ಹುಡುಕಿದವರು. ಎರಡರಲ್ಲಿ ಯಾವ ದಾರಿಯಾದರೂ ಸರಿ. ನೀವು ಒಂದು ದಾರಿಯಲ್ಲಿ ಬರೆದು ಇನ್ನೊಂದು ದಾರಿಯಲ್ಲಿ ಹಾಡಿದಿರಿ.

ಸರಿಮಾಡುವುದು ಕಷ್ಟ ಏನಲ್ಲ. ಲೂಪ್ ತೆಗೆದುಹಾಕಿ, ಆರರ ನಡೆಗೆ ಬನ್ನಿ. ತಬಲಾದವರು ದಾದ್ರಾ ಅನ್ನುತ್ತಾರೆ, ಮೂರು ಮತ್ತು ಮೂರು. ‘ಅಮ್ಮ ನಿನ್ನ’ ಒಂದು ಸುತ್ತು, ‘ಬಳೆಯ ಸದ್ದು’ ಇನ್ನೊಂದು ಸುತ್ತು. ನಿಮ್ಮ ಗಿಟಾರಿನ ಅದೇ ಕಾರ್ಡ್‌ಗಳು ಸಾಕು, ಬಲಗೈ ಒಂದು ಬದಲಾಗಬೇಕು. ತೊಟ್ಟಿಲು ತೂಗುವ ನಡೆ ಅದು, ಈ ಹಾಡಿಗೆ ಹೇಳಿ ಮಾಡಿಸಿದ ಹಾಗಿದೆ.

ನಾಲ್ಕೇ ಬೇಕು ಅಂತ ಹಟ ಇದ್ದರೆ ಮಾತು ಬದಲಿಸಿ. “ಅಮ್ಮನ ಬಳೆಗಳ ಸದ್ದಿಗೆ ಬೆಳಗೂ” ಅಂದರೆ ನಾಲ್ಕು ನಾಲ್ಕರಂತೆ ಸರಾಗವಾಗಿ ಹೋಗುತ್ತದೆ. ಆದರೆ ‘ನಿನ್ನ’ ಹೋಯಿತು. ಅಮ್ಮನ ಜೊತೆ ಮಾತಾಡುತ್ತಿದ್ದವರು ಅಮ್ಮನ ಬಗ್ಗೆ ಮಾತಾಡಲು ಶುರು ಮಾಡಿದಿರಿ. ನನಗಂತೂ ಇದು ಬೇಡ.

ಇನ್ನೊಂದು ಉಪಾಯ ನನ್ನ ಆಸೆಯದು. ನಾಲ್ಕನ್ನೇ ಇಟ್ಟುಕೊಂಡು, ‘ಬಳೆಯ’ ಅಂತ ಮೂರು ಮಾತ್ರೆಗೆ ಹೇಳಿ ಬಾಯಿ ಮುಚ್ಚಿ. ನಾಲ್ಕನೆಯದನ್ನು ಖಾಲಿ ಬಿಡಿ. ಆ ಖಾಲಿ ಜಾಗದಲ್ಲಿ ಎರಡು ಗಾಜಿನ ಬಳೆ ತಾಗಿದ ಸದ್ದು ಸಾಕು. ಕೀಬೋರ್ಡಿನ ಗಂಟೆ ಬೇಡ. ನಿಜವಾದ ಬಳೆ.

ಎರಡನೇ ಚರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. “ಕಂಡ ಕನಸು ನನಸು ಆಗಿ ಮನಸು ತುಂಬಿ ಬಂತು.” ಕನಸು, ನನಸು, ಮನಸು. ಈ ಸಲ ಬಂದ ಹಾಡುಗಳಲ್ಲಿ ಈ ಮೂವರು ಎಷ್ಟು ಸಲ ಜೊತೆಯಾಗಿ ಬಂದರು ಅಂತ ಎಣಿಸುವುದನ್ನೇ ಬಿಟ್ಟಿದ್ದೇನೆ. ನಮ್ಮಲ್ಲಿ ಸಾಲಿನ ಕೊನೆಯ ಪ್ರಾಸ ಪುಕ್ಕಟೆ ಸಿಗುವ ಮಾಲು. ಕ್ರಿಯಾಪದ ಕೊನೆಗೆ ಬರುತ್ತದೆ, ಎಲ್ಲ ಕ್ರಿಯಾಪದಕ್ಕೂ ಒಂದೇ ಬಾಲ: ಬಂದಿತು, ನಿಂತಿತು, ಕುಂತಿತು. ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರದಲ್ಲಿ ಇಟ್ಟಿದ್ದು ಸುಮ್ನೆ ಅಲ್ಲ, ಅಲ್ಲಿ ದುಡಿಯಬೇಕಾಗುತ್ತದೆ. ಸೀರೆಯ ಮಡಿಕೆ ನೋಡಿದ ಕಣ್ಣು ಈ ಚರಣದಲ್ಲಿ ಮುಚ್ಚಿಕೊಂಡಿದೆ. ಇದನ್ನು ಪೂರ್ತಿ ಹೊಡೆದುಹಾಕಿ.

ಕೊನೆಯ ಸಾಲಿನದು ಮಾತ್ರ ನನಗೆ ರಾತ್ರಿ ನಿದ್ದೆಗೆಡಿಸಿದೆ. ಹಾಳೆಯಲ್ಲಿ ಹೀಗಿದೆ:

ಊರ ಬಿಟ್ಟ ಮಗನ ನೀನು
ಅಮ್ಮ, ಮರೆಯದಿರು

ಕನ್ನಡದಲ್ಲಿ ‘ಬೇಡ’ ಅನ್ನುವುದು ಬರುವುದೇ ತಡವಾಗಿ. ‘ಮರೆ’ ಅಂದಮೇಲೆ, ಪದದ ಹೊಟ್ಟೆಯೊಳಗೆ, ಅದು ಬರುತ್ತದೆ. ನೀವು ಏನು ಮಾಡಿದ್ದೀರಿ? “ಅಮ್ಮಾ, ಮರೆ” ಅಂತ ಹಾಡಿ ಉಸಿರು ತೆಗೆದುಕೊಂಡಿದ್ದೀರಿ. ಅಷ್ಟರಲ್ಲಿ ಗಿಟಾರಿನ ಬಿಟ್, ಅಂದರೆ ನಡುವಿನ ತುಣುಕು, ಎರಡು ಸುತ್ತು ಹೋಗಿದೆ. ಆಮೇಲೆ, ಏನೂ ಆಗಿಲ್ಲವೆಂಬಂತೆ, “ಯದಿರು.” ಅಷ್ಟು ಹೊತ್ತು ಆ ತಾಯಿಗೆ ಮಗ ಹೇಳಿದ್ದು ಏನು? ಅಮ್ಮಾ, ಮರೆತುಬಿಡು. ಪೇಟಿ ಮಾಸ್ತರರು ಇದ್ದಿದ್ದರೆ ಲೋಟ ನೆಲಕ್ಕೆ ಕುಟ್ಟುತ್ತಿರಲಿಲ್ಲ, ನಿಮ್ಮ ಕಡೆಗೇ ಎಸೆಯುತ್ತಿದ್ದರು.

ಉಸಿರು ಬೇಕೇ ಬೇಕು ಅಂದರೆ ‘ಅಮ್ಮ’ ಆದಮೇಲೆ ತೆಗೆದುಕೊಳ್ಳಿ. ಬಿಟ್ ಕೂಡ ಅಲ್ಲೇ ಬರಲಿ, ಬೇಕಾದಷ್ಟು ಉದ್ದ ಇರಲಿ. ‘ಮರೆಯದಿರು’ ಒಂದೇ ಉಸಿರಿಗೆ ಬರಬೇಕು.

ತಿದ್ದಿದ ಹಾಡನ್ನು ಈ ತಿಂಗಳ ಕೊನೆಯೊಳಗೆ ಕಳಿಸಿ, ಎರಡನೇ ಸುತ್ತಿಗೆ ಸೇರಿಸುತ್ತೇನೆ. ಗೆಲ್ಲುತ್ತೀರಿ ಅಂತ ಹೇಳಲಾರೆ, ಉಳಿದ ತೀರ್ಪುಗಾರರಿಗೆ ಇನ್ನೂ ಕೇಳಿಸಿಲ್ಲ. ಅಮ್ಮನಿಗೂ ಇನ್ನೂ ಕೇಳಿಸಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ಒಳ್ಳೆಯದಾಯಿತು. ಈ ರೆಕಾರ್ಡಿಂಗ್ ಕೇಳಿಸಬೇಡಿ. ಬಳೆ ಸದ್ದು ಬೇಕಾಗುತ್ತದಲ್ಲ, ಊರಿಗೆ ಹೋದಾಗ ಅವರ ಕೈಯದೇ ರೆಕಾರ್ಡ್ ಮಾಡಿಕೊಂಡು ಬನ್ನಿ.