‘ನನ್ನ ರಕ್ತ ಆಗುವುದಿಲ್ಲ’ ಎಂದವರು: ಆಪ್ತಸಲಹೆಯ ಒಂದು ಪ್ರಕರಣ

ಕೊಡಗಿನ ರಕ್ತನಿಧಿಯೊಂದರಲ್ಲಿ ಆಪ್ತಸಲಹೆಗಾರ್ತಿಯಾಗಿ ನಾನು ನಿರ್ವಹಿಸಿದ ಪ್ರಕರಣವಿದು. ಸಂಬಂಧಪಟ್ಟವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ರಕ್ತನಿಧಿಗೆ ಬಂದ ಆ ಮಹಿಳೆಗೆ 36 ವರ್ಷ. ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಮೇ ತಿಂಗಳಲ್ಲಿ ಅವರ ಸೋದರಮಾವನಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿ, ಮನೆಯವರು ನಾಲ್ಕೈದು ಮಂದಿ ರಕ್ತ ಕೊಡಲು ಬಂದಾಗ ಅವರೂ ಜೊತೆಗಿದ್ದರು. ಉಳಿದವರು ನಮೂನೆ ತುಂಬುತ್ತಿದ್ದರೆ ಇವರು ಮಾತ್ರ ಗೋಡೆಗೊರಗಿ ನಿಂತಿದ್ದರು. ಕೇಳಿದ್ದಕ್ಕೆ, ‘ನನ್ನ ರಕ್ತ ಆಗುವುದಿಲ್ಲ ಮೇಡಂ, ಐದು ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದಾರೆ’ ಎಂದರು. ಆ ‘ಬಿಟ್ಟಿದ್ದಾರೆ’ ಎಂಬ ಪದದ ಭಾರ ನನ್ನನ್ನು ತಡೆದು ನಿಲ್ಲಿಸಿತು. ಒಳಗಿನ ಕೋಣೆಗೆ ಕರೆದು ಕೂರಿಸಿದೆ.

ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಮೊದಲ ಬಾರಿ ಕೊಟ್ಟ ಅವರು ಒಟ್ಟು ಏಳು ಬಾರಿ ರಕ್ತದಾನ ಮಾಡಿದ್ದರು. ಎಂಟನೆಯ ಬಾರಿ, ಊರಿನ ಶಿಬಿರವೊಂದರಲ್ಲಿ, ಬೆರಳು ಚುಚ್ಚಿ ನೋಡಿದ ಸಿಬ್ಬಂದಿ ‘ಹನ್ನೊಂದು ಚಿಲ್ಲರೆ ಇದೆ, ನಿಮ್ಮದು ಆಗುವುದಿಲ್ಲ, ಮುಂದಿನವರು ಬನ್ನಿ’ ಎಂದಷ್ಟೇ ಹೇಳಿ ಕಳುಹಿಸಿದ್ದರು. ಹಿಂದೆ ಸಾಲಿನಲ್ಲಿ ಪರಿಚಯದವರೇ ನಿಂತಿದ್ದರು. ಅದೇ ವಾರ ನಾದಿನಿ, ‘ಏನಾದರೂ ಕಾಯಿಲೆ ಕಂಡಿತೇ?’ ಎಂದು ವಿಚಾರಿಸಿದರಂತೆ. ಅಲ್ಲಿಂದ ಮುಂದೆ ಶಿಬಿರದ ಸಂದೇಶ ಮೊಬೈಲಿಗೆ ಬಂದಾಗಲೆಲ್ಲ ಅಳಿಸಿಹಾಕುತ್ತಿದ್ದೆ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಐದು ವರ್ಷ ಈ ಅನುಮಾನವನ್ನು ಅವರು ಯಾರಲ್ಲೂ ಬಾಯಿಬಿಟ್ಟು ಕೇಳಿರಲಿಲ್ಲ, ಗಂಡನಲ್ಲಿಯೂ ಇಲ್ಲ.

ಆದ್ದರಿಂದ ದಾನದ ಮಾತನ್ನು ಬದಿಗಿಟ್ಟು ಮೊದಲು ಈ ಗಂಟನ್ನೇ ಬಿಡಿಸಬೇಕಾಗಿತ್ತು. ಬೆರಳು ಚುಚ್ಚಿ ನೋಡುವುದು ಹಿಮೋಗ್ಲೋಬಿನ್ ಪ್ರಮಾಣವನ್ನು ಮಾತ್ರ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ಮಾಡುವುದು ದಾನವಾಗಿ ಸಂಗ್ರಹವಾದ ರಕ್ತದ ಮೇಲೆ. ‘ಅಂದು ನಿಮ್ಮಿಂದ ರಕ್ತವನ್ನೇ ತೆಗೆದುಕೊಂಡಿಲ್ಲ ಎಂದ ಮೇಲೆ ಕಾಯಿಲೆಯ ಪರೀಕ್ಷೆ ನಡೆದಿರಲು ಹೇಗೆ ಸಾಧ್ಯ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಅಂದೇ ಯಾರಾದರೂ ಹೇಳಬಹುದಿತ್ತಲ್ಲ’ ಎಂದರು. ಹೇಳಬೇಕಾಗಿತ್ತು, ಹೇಳದೆ ಕಳುಹಿಸಿದ್ದು ತಪ್ಪು ಎಂದು ನೇರವಾಗಿ ಒಪ್ಪಿಕೊಂಡೆ.

ದಾನಿಗೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ ಕನಿಷ್ಠ 12.5 ಗ್ರಾಂ ಇರಬೇಕು. ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ 12 ಗ್ರಾಂಗಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಎನ್ನುತ್ತಾರೆ. ಹೀಗಾಗಿ ಈ ಎರಡು ಅಂಕಿಗಳ ನಡುವೆ ಇರುವ ಮಹಿಳೆ ರೋಗಿಯೂ ಅಲ್ಲ, ಆ ದಿನದ ಮಟ್ಟಿಗೆ ದಾನಿಯೂ ಅಲ್ಲ. ಈ ಬಾರಿ ನಮ್ಮಲ್ಲಿ ಪರೀಕ್ಷಿಸಿದಾಗ ಅವರಿಗೆ 12.1 ಬಂತು. ಮಾವನಿಗಾಗಿ ಹೇಗಾದರೂ ತೆಗೆದುಕೊಳ್ಳಿ ಎಂದು ಕೇಳಿಕೊಂಡರು. ಮನೆಯವರಿಗೆ ಬೇಕಾಗಿರುವಾಗ ಜನ ತಮ್ಮ ಆರೋಗ್ಯದ ವಿಷಯವನ್ನು ಬದಿಗಿಟ್ಟು ತೋಳು ಚಾಚುತ್ತಾರೆ, ಆಗ ಸಲಹೆಗಾರರು ಇನ್ನೂ ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಅವರ ಅಣ್ಣನ ಮಗ ರಕ್ತ ಕೊಟ್ಟ; ಇವರನ್ನು ನಾವು ಎರಡನೆಯ ಬಾರಿ ಹಿಂದಕ್ಕೆ ಕಳುಹಿಸಿದೆವು. ಆದರೆ ಈ ಸಲ ‘ಹಿಮೋಗ್ಲೋಬಿನ್ 12.1, ತಾತ್ಕಾಲಿಕ ಮುಂದೂಡಿಕೆ, ಮೂರು ತಿಂಗಳ ನಂತರ ಮರುಪರೀಕ್ಷೆ’ ಎಂದು ಬರೆದ ಚೀಟಿಗೆ ವೈದ್ಯಾಧಿಕಾರಿಯ ಸಹಿ ಹಾಕಿಸಿ ಕೊಟ್ಟೆವು. ನಾದಿನಿಗೆ ತೋರಿಸಬೇಕೆಂದಿದ್ದರೆ ತೋರಿಸಲು ಅದೊಂದು ಕಾಗದ ಸಾಕಾಗಿತ್ತು.

ಊಟದ ಬಗ್ಗೆ ವಿಚಾರಿಸಿದಾಗ ಒಂದು ಸಂಗತಿ ತಿಳಿಯಿತು. ಬೆಳಿಗ್ಗೆ ರೊಟ್ಟಿಯ ಜೊತೆಗೆ, ಮಧ್ಯಾಹ್ನ ಊಟ ಮುಗಿದ ಕೂಡಲೇ, ಸಂಜೆ ಎರಡು ಬಾರಿ, ಹೀಗೆ ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ. ಕೊಡಗಿನಲ್ಲಿ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಆದ್ದರಿಂದ ಕಾಫಿಯನ್ನು ಊಟಕ್ಕಿಂತ ಒಂದು ಗಂಟೆ ಮೊದಲು ಅಥವಾ ಊಟವಾಗಿ ಒಂದೆರಡು ಗಂಟೆ ಕಳೆದ ನಂತರ ಕುಡಿಯಿರಿ ಎಂದೆ. ಸೊಪ್ಪು, ಹುರುಳಿ, ಹೆಸರುಕಾಳಿನ ಜೊತೆ ನಿಂಬೆರಸ ಅಥವಾ ಕಿತ್ತಳೆ ಇದ್ದರೆ ಅದರ ಸಿ ಜೀವಸತ್ವ ಕಬ್ಬಿಣಾಂಶದ ಹೀರಿಕೆಯನ್ನು ಹೆಚ್ಚಿಸುತ್ತದೆ. ಮಾಂಸ ತಿನ್ನುವ ಮನೆಯಾದ್ದರಿಂದ ಲಿವರ್ (ಯಕೃತ್ತು), ಹಂದಿ ಮಾಂಸದ ಕಬ್ಬಿಣಾಂಶ ಸಸ್ಯಾಹಾರದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ ಎಂದೂ ತಿಳಿಸಿದೆ. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದನ್ನು ಹಾಲು, ಕಾಫಿಯ ಜೊತೆ ನುಂಗಬಾರದು, ಮಲ ಕಪ್ಪಾದರೆ ಗಾಬರಿಯಾಗಬಾರದು ಎಂಬುದನ್ನು ಬಿಡಿಸಿ ಹೇಳಿದೆ, ಏಕೆಂದರೆ ಹಲವರು ಮಾತ್ರೆ ನಿಲ್ಲಿಸುವುದು ಇಂಥ ಸಣ್ಣ ಕಾರಣಕ್ಕೇ. ಮುಟ್ಟಿನಲ್ಲಿ ಹೆಚ್ಚು ಸ್ರಾವವಿದೆ ಎಂದಿದ್ದರಿಂದ ಸ್ತ್ರೀರೋಗ ತಜ್ಞರನ್ನು ಕಾಣಲು ಸೂಚಿಸಿದೆ.

ಜೂನ್‌ನಲ್ಲಿ ಫೋನ್ ಮಾಡಿದಾಗ ಹೊಸ ತೊಡಕು ಹೇಳಿದರು. ‘ತಿಂಗಳು ತಿಂಗಳು ಹೋಗುವ ರಕ್ತ ಸಾಲದೆ, ಇನ್ನೂ ಕೊಡಬೇಕೇ’ ಎಂದು ಅತ್ತೆಯವರು ಅಡ್ಡಿ ಹೇಳುತ್ತಿದ್ದರಂತೆ. ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ ಎಂದೆ. 350 ಮಿಲಿಲೀಟರ್ ರಕ್ತದ ಜೊತೆ ಸುಮಾರು 150 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ, ದೇಹ ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ರಕ್ತದ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಂಡರೂ ಕಬ್ಬಿಣದ ದಾಸ್ತಾನಿಗೆ ತಿಂಗಳುಗಳೇ ಬೇಕು. ಪುರುಷರಿಗೆ ಎರಡು ದಾನಗಳ ನಡುವೆ 90 ದಿನ, ಮಹಿಳೆಯರಿಗೆ 120 ದಿನ ಎಂಬ ಅಂತರವಿರುವುದು, ಮುಟ್ಟಿನ ದಿನಗಳಲ್ಲಿ ದಾನ ಸ್ವೀಕರಿಸದಿರುವುದು ಇದೇ ಕಾಳಜಿಯಿಂದ. ವರ್ಷಕ್ಕೆ ಒಂದೇ ಬಾರಿ ಕೊಟ್ಟರೂ ನೀವು ನಿಯಮಿತ ದಾನಿಯೇ, ಬೇಡವೆನಿಸಿದರೆ ಬಿಟ್ಟರೂ ನಮಗೆ ಬೇಸರವಿಲ್ಲ ಎಂದೂ ಸೇರಿಸಿದೆ. ಸ್ವಯಂಪ್ರೇರಿತ ಎಂಬ ಮಾತು ಮತ್ತೆ ಕರೆಯುವಾಗಲೂ ಅನ್ವಯವಾಗಬೇಕು.

ಈ ಪ್ರಕರಣದ ನಂತರ ನಮ್ಮ ಕೆಲಸದಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ಕೆಂಪು ರಕ್ತಕಣಗಳನ್ನು ಸಂರಕ್ಷಕ ದ್ರಾವಣದಲ್ಲಿ 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ ಇಡಬಹುದಾದ್ದರಿಂದ ಹಳೆಯ ದಾನಿಗಳ ಅಗತ್ಯ ನಮಗೆ ಸದಾ ಇದೆ. ಹಾಗೆಂದು ಎಲ್ಲರಿಗೂ ಒಂದೇ ‘ಮತ್ತೆ ಬನ್ನಿ’ ಸಂದೇಶ ಕಳುಹಿಸುವುದನ್ನು ಬಿಟ್ಟು, ದಾನಿಯ ಕೊನೆಯ ಭೇಟಿಯಲ್ಲಿ ಏನಾಯಿತು ಎಂಬುದನ್ನು ದಾಖಲೆಯಲ್ಲಿ ಓದಿದ ಮೇಲೆಯೇ ಫೋನ್ ಮಾಡುತ್ತೇವೆ. ತಲೆಸುತ್ತಿ ಬಿದ್ದಿದ್ದವರಿಗೆ ಹೇಳಬೇಕಾದ ಮಾತು ಬೇರೆ, ವಾಪಸು ಕಳುಹಿಸಲ್ಪಟ್ಟವರಿಗೆ ಹೇಳಬೇಕಾದ್ದು ಬೇರೆ.

ಸೆಪ್ಟೆಂಬರಿನಲ್ಲಿ, ಕೈಲುಮುಹೂರ್ತ ಹಬ್ಬ ಕಳೆದ ವಾರ, ಅವರು ಗಂಡನೊಡನೆ ಬಂದರು. ಹಿಮೋಗ್ಲೋಬಿನ್ 12.9 ಇತ್ತು. 350 ಮಿಲಿಲೀಟರ್ ಕೊಟ್ಟು, ಹದಿನೈದು ನಿಮಿಷ ಮಲಗಿ ಎದ್ದರು. ಮುಂದಿನ ಅರ್ಹ ದಿನಾಂಕವನ್ನು ಲೆಕ್ಕ ಹಾಕಿದರೆ ಅದು ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ ಬೀಳುತ್ತಿತ್ತು. ‘ಆಗ ಕಚೇರಿ ಬಿಟ್ಟು ಬರಲಾಗುವುದಿಲ್ಲ ಮೇಡಂ, ಶಿವರಾತ್ರಿ ಕಳೆದ ಮೇಲೆ ಎಂದು ಬರೆದುಕೊಳ್ಳಿ’ ಎಂದರು. ಕಾರ್ಡಿನಲ್ಲಿ ಹಾಗೆಯೇ ಬರೆದುಕೊಟ್ಟಿದ್ದೇನೆ.